ಟಿ.ವಿ. ಬ್ರ್ಯಾಂಡ್‌ಗಳಲ್ಲಿ ಯಾವುದು ಹೆಚ್ಚು ಬಾಳಿಕೆ ಬರುತ್ತದೆ?

ಪ್ರಶ್ನೆ

ನಮ್ಮ ಮನೆಯ ಟಿ.ವಿ. ಆರನೆಯ ವರ್ಷಕ್ಕೆ ಕೆಟ್ಟುಹೋಯಿತು. ಧ್ವನಿ ಮೊದಲಿನಂತೆಯೇ ಬರುತ್ತಿದೆ, ರಿಮೋಟ್ ಕೂಡ ಕೆಲಸ ಮಾಡುತ್ತಿದೆ, ಆದರೆ ಪರದೆ ಪೂರ್ತಿ ಕಪ್ಪಾಗಿದೆ. ಆ ಮಾದರಿಯ ಬಿಡಿಭಾಗಗಳು ಈಗ ಬರುತ್ತಿಲ್ಲವೆಂದು ಕಂಪನಿಯ ಸೇವಾ ಕೇಂದ್ರದವರು ಕೈಚೆಲ್ಲಿದ್ದರಿಂದ ಹೊಸದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಸೋನಿ, ಸ್ಯಾಮ್‌ಸಂಗ್, ಎಲ್‌ಜಿ ಇವುಗಳಲ್ಲಿ ಯಾವುದು ಹೆಚ್ಚು ಕಾಲ ಬಾಳುತ್ತದೆ, ಟಿಸಿಎಲ್ ಮತ್ತು ಹೈಸೆನ್ಸ್ ಇವುಗಳಿಗೆ ಸಾಟಿಯಾಗುತ್ತವೆಯೇ ಎಂದು ಎರಡು ವಾರಗಳಿಂದ ಓದುತ್ತಿದ್ದೇನೆ. ಒಂದೇ ಬ್ರ್ಯಾಂಡನ್ನು ಒಬ್ಬರು ಹತ್ತು ವರ್ಷ ತೊಂದರೆಯನ್ನೇ ಕೊಡಲಿಲ್ಲವೆಂದು ಹೊಗಳಿದರೆ, ಇನ್ನೊಬ್ಬರು ಎರಡೇ ವರ್ಷಕ್ಕೆ ಮೂಲೆ ಸೇರಿತೆಂದು ಬೇಸರಪಡುತ್ತಾರೆ. ಮನೆಯಲ್ಲಿ ವಯಸ್ಸಾದ ತಂದೆಯವರಿದ್ದು, ದಿನಕ್ಕೆ ಏಳೆಂಟು ಗಂಟೆಯಾದರೂ ಸುದ್ದಿ ವಾಹಿನಿ ಓಡುತ್ತಿರುತ್ತದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1

ನಾನು ಹದಿನಾಲ್ಕು ವರ್ಷಗಳಿಂದ ಟಿ.ವಿ. ದುರಸ್ತಿಯ ಕೆಲಸದಲ್ಲಿದ್ದೇನೆ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ಕೋಣೆಯನ್ನು ಕತ್ತಲೆ ಮಾಡಿ, ಟಿ.ವಿ. ಚಾಲನೆಯಲ್ಲಿರುವಾಗಲೇ ಪರದೆಗೆ ತೀರಾ ಹತ್ತಿರದಿಂದ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚಿತ್ರ ಮಸುಕಾಗಿಯಾದರೂ ಚಲಿಸುವುದು ಕಂಡರೆ ಪ್ಯಾನೆಲ್ (ಚಿತ್ರ ಮೂಡಿಸುವ ಹಲಗೆ) ಚೆನ್ನಾಗಿದೆ, ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ ಮಾತ್ರ ಹೋಗಿದೆ ಎಂದು ತಿಳಿಯಬಹುದು. ಬ್ಯಾಕ್‌ಲೈಟಿನ ಎಲ್‌ಇಡಿಗಳನ್ನು ಸರಪಳಿಯಂತೆ ಒಂದರ ಹಿಂದೆ ಒಂದನ್ನು ಜೋಡಿಸಿರುವುದರಿಂದ, ಒಂದೇ ಒಂದು ಸುಟ್ಟುಹೋದರೂ ಇಡೀ ಸಾಲು ಆರಿಹೋಗುತ್ತದೆ.

ಬಾಳಿಕೆಯ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇಲ್ಲಿಯೇ ಇದೆ. ನನ್ನ ಬಳಿಗೆ ಬರುವ ಎಲ್‌ಸಿಡಿ ಟಿ.ವಿ.ಗಳಲ್ಲಿ, ಅಂದರೆ ಹೀಗೆ ಬ್ಯಾಕ್‌ಲೈಟಿನಿಂದ ಬೆಳಗುವ ಟಿ.ವಿ.ಗಳಲ್ಲಿ, ಬ್ಯಾಕ್‌ಲೈಟಿನ ದೋಷದ್ದೇ ದೊಡ್ಡ ಪಾಲು, ಅನಂತರದ್ದು ವಿದ್ಯುತ್ ಪೂರೈಸುವ ಪವರ್ ಬೋರ್ಡಿನ ಕೆಪಾಸಿಟರ್ ಎಂಬ ಬಿಡಿಭಾಗಗಳದ್ದು. ಎರಡಕ್ಕೂ ಶಾಖವೇ ಶತ್ರು. ಟಿ.ವಿ. ತೆಳ್ಳಗೆ ಕಾಣಲೆಂದು ಎಲ್‌ಇಡಿಗಳನ್ನೆಲ್ಲ ಒಂದೇ ಅಂಚಿನಲ್ಲಿ ಕೂರಿಸಿದಾಗ ಶಾಖ ಅಲ್ಲಿಯೇ ಗುಂಪುಗೂಡಿ, ಒಳಗಿನ ಬೆಳಕು ಹರಡುವ ಹಾಳೆಗಳು ಸೊಟ್ಟಗಾಗುತ್ತವೆ. ಪರದೆಯ ಹಿಂಭಾಗದ ತುಂಬ ಎಲ್‌ಇಡಿಗಳನ್ನು ಹರಡಿದ ಮಾದರಿಗಳು ಸ್ವಲ್ಪ ದಪ್ಪವಾಗಿದ್ದರೂ ಈ ವಿಷಯದಲ್ಲಿ ವಾಸಿ. ಈ ಎರಡೂ ಬಗೆಯ ಮಾದರಿಗಳನ್ನು ಒಂದೇ ಬ್ರ್ಯಾಂಡ್ ತಯಾರಿಸುತ್ತದೆ. ನೀವು ಓದಿದ ಹೊಗಳಿಕೆಯೂ ಬೇಸರವೂ ಒಟ್ಟೊಟ್ಟಿಗೆ ನಿಜವಾಗಿರುವುದಕ್ಕೆ ಇದೂ ಒಂದು ಕಾರಣ.

ಬ್ರ್ಯಾಂಡಿನ ಹೆಸರು ಒಳಗಿನ ವಸ್ತುವಿನ ಬಗ್ಗೆ ಹೇಳುವುದು ಈಗ ಬಹಳ ಕಡಿಮೆ. ಸೋನಿ ತನ್ನ ಟಿ.ವಿ.ಗಳ ಪ್ಯಾನೆಲ್‌ಗಳನ್ನು ಬೇರೆ ತಯಾರಕರಿಂದ ಕೊಳ್ಳುತ್ತದೆ. ಸ್ಯಾಮ್‌ಸಂಗ್‌ನ ಪ್ಯಾನೆಲ್ ಕಂಪನಿ 2022ರಲ್ಲಿ ಎಲ್‌ಸಿಡಿ ತಯಾರಿಕೆಯನ್ನೇ ನಿಲ್ಲಿಸಿತು. ತೋಷಿಬಾದ ಟಿ.ವಿ. ವ್ಯವಹಾರ 2018ರಿಂದ ಹೈಸೆನ್ಸ್ ಕೈಯಲ್ಲಿದೆ. ಅಷ್ಟೇ ಏಕೆ, ಒಂದೇ ಮಾದರಿ ಸಂಖ್ಯೆಯ ಎರಡು ಟಿ.ವಿ.ಗಳಲ್ಲಿ ಬೇರೆ ಬೇರೆ ಕಾರ್ಖಾನೆಗಳ ಪ್ಯಾನೆಲ್ ಇರುವುದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಹಾಗೆಂದು ಬ್ರ್ಯಾಂಡ್‌ಗಳೆಲ್ಲ ಒಂದೇ ಎಂದಲ್ಲ. ಚಿತ್ರ ಸಂಸ್ಕರಣೆ, ಸಾಫ್ಟ್‌ವೇರ್, ಶಾಖ ಹೊರಹೋಗುವ ವಿನ್ಯಾಸ, ಎಲ್ಲಕ್ಕಿಂತ ಮಿಗಿಲಾಗಿ ಬಿಡಿಭಾಗಗಳ ಪೂರೈಕೆ, ಇವುಗಳಲ್ಲಿ ನಿಜವಾದ ಅಂತರವಿದೆ.

ಉತ್ತರ 2

ಮೇಲಿನವರ ಮಾತಿಗೆ ಒಂದೆರಡು ಅಂಶ ಸೇರಿಸುತ್ತೇನೆ. ದೂರುಗಳ ಸಂಖ್ಯೆಯನ್ನು ಎಣಿಸಿ ಬ್ರ್ಯಾಂಡನ್ನು ಅಳೆಯಬೇಡಿ. ಹೆಚ್ಚು ಮಾರಾಟವಾಗುವ ಬ್ರ್ಯಾಂಡಿಗೆ ದೂರುಗಳೂ ಸಹಜವಾಗಿ ಹೆಚ್ಚು ಬರುತ್ತವೆ. ಎಷ್ಟು ಮಾರಾಟವಾದದ್ದರಲ್ಲಿ ಎಷ್ಟು ಕೆಟ್ಟವು ಎಂಬುದು ತಿಳಿಯದೆ ಆ ಸಂಖ್ಯೆಗೆ ಅರ್ಥವಿಲ್ಲ. ಜೊತೆಗೆ, ಹತ್ತು ವರ್ಷ ಬಾಳಿದೆ ಎಂದು ಯಾರಾದರೂ ಖಚಿತವಾಗಿ ಹೇಳುವ ಹೊತ್ತಿಗೆ ಆ ಮಾದರಿ ಮಾರುಕಟ್ಟೆಯಲ್ಲಿ ಇರುವುದೇ ಇಲ್ಲ.

ಅಂಗಡಿಯಲ್ಲಿ ಚಿತ್ರದ ಗುಣಮಟ್ಟವನ್ನು ಹೋಲಿಸುವಾಗಲೂ ಎಚ್ಚರ ಬೇಕು. ಅಲ್ಲಿ ಸಾಮಾನ್ಯವಾಗಿ ಪ್ರದರ್ಶನಕ್ಕೆಂದೇ ಹೊಳಪನ್ನೂ ಬಣ್ಣವನ್ನೂ ಮಿತಿಮೀರಿ ಏರಿಸಿರುತ್ತಾರೆ. ಎಲ್ಲವನ್ನೂ ಸಿನಿಮಾ ಮೋಡ್‌ಗೆ ತರಲು ಹೇಳಿ, ನೇರದಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಐಪಿಎಸ್, ವಿಎ ಎಂಬ ಎರಡು ಮುಖ್ಯ ಬಗೆಗಳಿವೆ. ಐಪಿಎಸ್ ಪ್ಯಾನೆಲ್ ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸುವುದಿಲ್ಲ, ಆದರೆ ಅದರ ಕಾಂಟ್ರಾಸ್ಟ್ (ಬಿಳುಪಿನ ಹೊಳಪಿಗೂ ಕಪ್ಪಿನ ಹೊಳಪಿಗೂ ಇರುವ ಅನುಪಾತ) ಸುಮಾರು 1000ಕ್ಕೆ 1 ಇರುವುದರಿಂದ ಕತ್ತಲೆಯ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ 3000ಕ್ಕೆ 1 ಅಥವಾ ಅದಕ್ಕಿಂತ ಹೆಚ್ಚಿರುತ್ತದೆ, ಕಪ್ಪು ಗಾಢವಾಗಿರುತ್ತದೆ, ಪಕ್ಕಕ್ಕೆ ಸರಿದರೆ ಮಾತ್ರ ಬಣ್ಣ ತೊಳೆದಂತೆ ಕಾಣುತ್ತದೆ. ನಿಮ್ಮ ತಂದೆಯವರು ಕುಳಿತುಕೊಳ್ಳುವ ಜಾಗ ಟಿ.ವಿ.ಗೆ ನೇರವಾಗಿದೆಯೇ ಎಂಬುದನ್ನು ಗಮನಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಾರ್ಚ್ ಹಿಡಿದು ನೋಡಿದೆ, ಸುದ್ದಿ ಓದುವವರ ಮುಖ ಮಸುಕಾಗಿ ಕಂಡಿತು. ಅಂದರೆ ಇದನ್ನು ಉಳಿಸಿಕೊಳ್ಳುವ ಆಸೆ ಇನ್ನೂ ಇದೆ. ಒಂದು ವೇಳೆ ಹೊಸದನ್ನೇ ಕೊಳ್ಳಬೇಕಾಗಿ ಬಂದರೆ, ಒಎಲ್‌ಇಡಿಯಲ್ಲಿ ಬ್ಯಾಕ್‌ಲೈಟೇ ಇರುವುದಿಲ್ಲವಾದ್ದರಿಂದ ಅದು ನಮಗೆ ಹೆಚ್ಚು ಬಾಳಿಕೆ ಬರುವುದಲ್ಲವೇ?

ಉತ್ತರ 1 ಬರೆದವರು

ನಿಮ್ಮ ತರ್ಕ ಸರಿಯಿದೆ, ಆದರೆ ನಿಮ್ಮ ಮನೆಯ ಬಳಕೆಗೆ ಅದನ್ನು ನಾನು ಸೂಚಿಸಲಾರೆ. ಒಎಲ್‌ಇಡಿಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಸುದ್ದಿ ವಾಹಿನಿಯ ಲಾಂಛನ ಮತ್ತು ಕೆಳಗಿನ ಅಕ್ಷರಪಟ್ಟಿ ದಿನವಿಡೀ ಒಂದೇ ಜಾಗದಲ್ಲಿರುವುದರಿಂದ ಅಲ್ಲಿನ ಬಿಂದುಗಳು ಉಳಿದವುಗಳಿಗಿಂತ ಬೇಗ ಸವೆದು ಶಾಶ್ವತ ಗುರುತು ಉಳಿಯುತ್ತದೆ. ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2022ರ ಕೊನೆಯಲ್ಲಿ 100 ಟಿ.ವಿ.ಗಳ ಮೇಲೆ ಆರಂಭಿಸಿದ ದೀರ್ಘಕಾಲದ ಪರೀಕ್ಷೆಯಲ್ಲಿ ಸುದ್ದಿ ವಾಹಿನಿಯನ್ನೇ ಓಡಿಸಿತ್ತು. ಒಎಲ್‌ಇಡಿಗಳಲ್ಲಿ ಇಂಥ ಗುರುತುಗಳೂ, ಅಂಚಿನಲ್ಲಿ ಎಲ್‌ಇಡಿ ಇರುವ ಎಲ್‌ಸಿಡಿಗಳಲ್ಲಿ ಬೆಳಕಿನ ಏರುಪೇರೂ ಅಲ್ಲಿ ಕಂಡುಬಂದವು. ವಾರಕ್ಕೆರಡು ಸಿನಿಮಾ ನೋಡುವವರಿಗೆ ಒಎಲ್‌ಇಡಿಯಷ್ಟು ಸುಂದರವಾದ ಚಿತ್ರ ಬೇರೊಂದಿಲ್ಲ, ಅದು ಬೇರೆ ಮಾತು.

ನಿಮಗೆ ಹಿಂಭಾಗದ ತುಂಬ ಬ್ಯಾಕ್‌ಲೈಟ್ ಇರುವ ಎಲ್‌ಸಿಡಿ ಸಾಕು. ಸೋನಿಯೋ ಟಿಸಿಎಲ್ಲೋ ಎಂಬುದಕ್ಕಿಂತ, ಆ ಮಾದರಿಯ ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ವಾರಂಟಿಯಲ್ಲಿ ಪ್ಯಾನೆಲ್ ಮತ್ತು ಬ್ಯಾಕ್‌ಲೈಟ್ ಎರಡೂ ಸೇರಿವೆಯೇ ಎಂದು ಕೇಳಿ ಬರಹದಲ್ಲಿ ಪಡೆಯಿರಿ. ಯುರೋಪಿನ ಒಕ್ಕೂಟದಲ್ಲಿ, ಒಂದು ಮಾದರಿಯ ಕೊನೆಯ ಟಿ.ವಿ. ಮಾರುಕಟ್ಟೆಗೆ ಬಂದ ಮೇಲೂ ಕೆಲವು ನಿಗದಿತ ಬಿಡಿಭಾಗಗಳನ್ನು ಕನಿಷ್ಠ 7 ವರ್ಷ ಒದಗಿಸಬೇಕೆಂಬ ನಿಯಮ 2021ರಿಂದ ಜಾರಿಯಲ್ಲಿದೆ. ನೀವು ಎಲ್ಲಿಯೇ ಕೊಂಡರೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ತಂದ ಮೇಲೆ ಬ್ಯಾಕ್‌ಲೈಟನ್ನು ಕಣ್ಣಿಗೆ ಹಿತವಾಗುವಷ್ಟಕ್ಕೆ ಇಳಿಸಿದರೆ ಅದರ ಆಯುಷ್ಯ ಹೆಚ್ಚುತ್ತದೆ.

ಈಗಿನ ಟಿ.ವಿ.ಯ ಎಲ್‌ಇಡಿ ಪಟ್ಟಿಗಳು ಕಂಪನಿಯಲ್ಲಿ ಇಲ್ಲದಿದ್ದರೂ ಹೊರಗೆ ಸಿಗುವ ಸಾಧ್ಯತೆಯಿದೆ. ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ದುರಸ್ತಿ ಮಾಡಿಸುವುದಾದರೆ ಸುಟ್ಟ ಪಟ್ಟಿಯೊಂದನ್ನೇ ಬದಲಾಯಿಸಲು ಒಪ್ಪಬೇಡಿ, ಉಳಿದವೂ ಅಷ್ಟೇ ಗಂಟೆ ಉರಿದಿರುವುದರಿಂದ ಪೂರ್ತಿ ಸೆಟ್ಟನ್ನೇ ಹಾಕಿಸಿ.