ಪದಚರ್ಚೆ: ನದಿಯಿಂದ ತೆಗೆದ ನೀರೆಲ್ಲ ‘ಬಳಸಿದ’ ನೀರೇ?

ಗೆಳೆಯರಿಗೆಲ್ಲ ನಮಸ್ಕಾರ.

ನಮ್ಮ ಬಡಾವಣೆಯ ಶಾಲೆಯ ಮಕ್ಕಳಿಗಾಗಿ ಕರೆಂಟು, ನೀರು ಎರಡರ ಬಗ್ಗೆಯೂ ನಾಲ್ಕು ಪುಟ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ‘ವಿದ್ಯುತ್ ಸ್ಥಾವರದ ನೀರಿನ ಬಳಕೆ’ ಅಂತ ತಲೆಬರಹ ಕೊಟ್ಟೆ. ಯಾವ ಬಳಕೆ ಅಂತ ಆಮೇಲೆ ನನಗೇ ಅನುಮಾನ ಬಂತು.

ಶರಾವತಿಯನ್ನೇ ನೋಡಿ. ಲಿಂಗನಮಕ್ಕಿ ಜಲಾಶಯದ ನೀರು ತಳಕಳಲೆಯ ಚಿಕ್ಕ ಜಲಾಶಯಕ್ಕೆ ಬಂದು, ಘಟ್ಟದ ಕೆಳಗೆ ಟರ್ಬೈನು ತಿರುಗಿಸಿ, ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ ಕರೆಂಟು ಕೊಟ್ಟು, ಹೊನ್ನಾವರದ ಹತ್ತಿರ ಕಡಲು ಸೇರುತ್ತದೆ. ಟರ್ಬೈನು ಒಂದು ಲೋಟ ನೀರೂ ಕುಡಿಯುವುದಿಲ್ಲ. (ಜಲಾಶಯದಲ್ಲಿ ಬಿಸಿಲಿಗೆ ಆರಿಹೋಗುವುದು ಬೇರೆ ಲೆಕ್ಕ.)

ಕಲ್ಲಿದ್ದಲಿನ ಸ್ಥಾವರದಲ್ಲಿ ಹಾಗಲ್ಲ. ಟರ್ಬೈನು ತಿರುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡಬೇಕು. ಹಳೆಯ ದಾರಿ ಎಂದರೆ, ನದಿ ನೀರನ್ನು ಒಂದೇ ಸಲ ಹಾಯಿಸಿ, ಬಿಸಿಯಾದದ್ದನ್ನು ನದಿಗೇ ಬಿಡುವುದು. ತೆಗೆಯುವುದು ರಾಶಿ ನೀರು, ಹೆಚ್ಚುಕಡಿಮೆ ಎಲ್ಲವೂ ವಾಪಸ್. ಆದರೆ ಬಿಸಿನೀರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಕಷ್ಟ. ಇನ್ನೊಂದು ದಾರಿ ತಂಪುಗೋಪುರ (ಕೂಲಿಂಗ್ ಟವರ್). ಅಲ್ಲಿ ಅದೇ ನೀರನ್ನು ಸುತ್ತಿಸುತ್ತಾರೆ. ತೆಗೆಯುವುದು ಸ್ವಲ್ಪವೇ, ಆದರೆ ಅದರಲ್ಲಿ ಬಹುಪಾಲು ಆವಿಯಾಗಿ ಹೋಗುತ್ತದೆ, ನದಿಗೆ ಮರಳುವುದಿಲ್ಲ. ಎರಡಕ್ಕೂ ‘ಬಳಕೆ’ ಅಂದುಬಿಟ್ಟರೆ ಯಾವುದು ಜಾಸ್ತಿ, ಯಾವುದು ಕಡಿಮೆ ಹೇಳಿ? ಇಂಗ್ಲಿಷಿನಲ್ಲಿ ತೆಗೆದದ್ದಕ್ಕೆ ವಿತ್‌ಡ್ರಾಯಲ್, ಮರಳದೆ ಖರ್ಚಾದದ್ದಕ್ಕೆ ಕನ್ಸಂಪ್ಷನ್ ಎಂದು ಬೇರೆ ಬೇರೆ ಮಾತಿದೆ.

ಇದು ಸುಮ್ನೆ ಪದದ ಜಗಳ ಅಲ್ಲ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದೇ ಸಲ ನೀರು ಹಾಯಿಸುವ ಸ್ಥಾವರಗಳಿಗೆ ತಂಪುಗೋಪುರ ಕಟ್ಟಿಕೊಳ್ಳಿ, ಒಂದು ಮೆಗಾವಾಟ್ ಗಂಟೆಗೆ (ಅಂದರೆ ಸಾವಿರ ಯೂನಿಟ್ಟಿಗೆ) 3.5 ಘನ ಮೀಟರ್ ನೀರು ದಾಟಬೇಡಿ ಎಂದಿತು. ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ ಹೇಳಿದರೆ ಒಂದು ಯೂನಿಟ್ಟಿಗೆ ಮೂರೂವರೆ ಲೀಟರು. ಇದು ಖರ್ಚಿನ ಲೆಕ್ಕ. ಮಕ್ಕಳು ಇದನ್ನು ಶರಾವತಿಯ ‘ಬಳಕೆ’ಯ ಪಕ್ಕ ಇಟ್ಟು ಓದಿದರೆ ಎಲ್ಲ ಎಡವಟ್ಟು.

ನನಗೆ ಹೊಳೆದದ್ದು ‘ಎರವಲು’. ಪಕ್ಕದ ಮನೆಯಿಂದ ಇಡ್ಲಿ ಪಾತ್ರೆ ತಂದರೆ ಎರವಲು, ಅದೇ ಪಾತ್ರೆ ವಾಪಸ್ ಹೋಗಬೇಕು. ಸಕ್ಕರೆ ತಂದರೆ ಕಡ. ತಂದದ್ದು ಕಾಫಿಯಲ್ಲಿ ಕರಗಿತು, ಕೊಡುವುದು ಬೇರೆ ಸಕ್ಕರೆ. ಹಾಗಾಗಿ ಶರಾವತಿಯದು ಎರವಲು ನೀರು, ಗೋಪುರದ ಆವಿ ಖರ್ಚಾದ ನೀರು. ಬಿಸಿನೀರನ್ನು ನದಿಗೆ ಬಿಡುವುದು ಎರವಲು ಪಾತ್ರೆಯನ್ನು ಮಸಿ ಹಿಡಿಸಿ ಕೊಟ್ಟ ಹಾಗೆ. ಇದಕ್ಕೆ ‘ತ್ಯಾಜ್ಯ ನೀರು’ ಅಂತ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ಅದು ಕೊಳಕಲ್ಲ, ಬಿಸಿ ಅಷ್ಟೇ.

ಮನೆಯಲ್ಲಿ ಓದಿ ಹೇಳಿದೆ. ಬೇರೆ ಭಾಷೆಯಿಂದ ತಂದದ್ದಕ್ಕೆ ‘ಎರವಲು ಪದ’ ಅಂತೀರಲ್ಲ, ಅದನ್ನು ಯಾವತ್ತು ವಾಪಸ್ ಕೊಟ್ಟಿದ್ದೀರಿ ಅಂತ ಮಗಳು ಕೇಳಿದಳು. ಉತ್ತರ ಹೊಳೆಯಲಿಲ್ಲ.

ಇನ್ನೂ ಎರಡು ತೊಡಕು. ಆವಿಯಾದಷ್ಟು ನೀರನ್ನು ಮತ್ತೆ ಸೇರಿಸುವುದಕ್ಕೆ ಸ್ಥಾವರದವರು ‘ಮೇಕಪ್ ವಾಟರ್’ ಅನ್ನುತ್ತಾರೆ. ಹಾಗೇ ಬರೆದರೆ ಮಕ್ಕಳು ನಗುವುದು ಖಂಡಿತ. ‘ಭರ್ತಿ ನೀರು’ ನಡೆದೀತೇ? ಇನ್ನು ನೀರು ಆವಿಯಾಗುತ್ತಾ ಹೋದಂತೆ ಉಳಿದದ್ದರಲ್ಲಿ ಉಪ್ಪು ಹೆಚ್ಚುತ್ತದೆ, ನಮ್ಮ ಬೋರ್‌ವೆಲ್ ನೀರು ಆರಿದ ಪಾತ್ರೆಯಲ್ಲಿ ಬಿಳಿ ಕಟ್ಟುತ್ತದಲ್ಲ, ಅಲ್ಲೂ ಅದೇ ಕಥೆ. ಆ ಉಪ್ಪುಗಟ್ಟಿದ ನೀರನ್ನು ಆಗಾಗ ಹೊರಗೆ ಬಿಡುವುದೇ ‘ಬ್ಲೋಡೌನ್’. ಅದನ್ನು ಹಾಗೇ ಹಳ್ಳಕ್ಕೆ ಬಿಡುವಂತಿಲ್ಲ, ಶುದ್ಧಮಾಡಿ ಬೂದಿ ಸಾಗಿಸಲೋ ಗಿಡಕ್ಕೋ ಹಾಕಬೇಕು. ಇದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಬೆಲ್ಲದ ಆಲೆಮನೆಯಲ್ಲೋ ಉಪ್ಪಿನ ಗದ್ದೆಯಲ್ಲೋ ಇಂಥ ಉಳಿಕೆ ನೀರಿಗೆ ಹೆಸರಿರಬೇಕು ಅಲ್ವಾ? ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.