ಹಿತ್ತಲಿನ ಬೆಣ್ಣೆಹಣ್ಣು ಕಿತ್ತಿಟ್ಟರೂ ಮಾಗುತ್ತಿಲ್ಲ, ಕಾರಣವೇನು?

ಹಿತ್ತಲಗಿಡ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯ ನಮ್ಮ ಮನೆಯ ಹಿತ್ತಲಲ್ಲಿ 7 ವರ್ಷಗಳ ಹಿಂದೆ, ಪೇಟೆಯಿಂದ ತಂದು ತಿಂದ ಬೆಣ್ಣೆಹಣ್ಣಿನ ಬೀಜವನ್ನು ಊರಿದ್ದೆವು. ಮರ ಈಗ ಮಾಳಿಗೆಯ ಎತ್ತರಕ್ಕೆ ಬೆಳೆದಿದೆ. ಹೋದ ಎರಡು ವರ್ಷ ಹೂವೆಲ್ಲ ಉದುರಿ ನೆಲ ಹಳದಿಯಾಯಿತೇ ಹೊರತು ಒಂದು ಕಾಯಿಯೂ ನಿಲ್ಲಲಿಲ್ಲ. ಈ ವರ್ಷ ಜನವರಿಯ ಕೊನೆಗೆ ಬಿಟ್ಟ ಹೂವಿನಲ್ಲಿ 14 ಕಾಯಿಗಳು ಉಳಿದಿವೆ. ಮರದಲ್ಲೇ ಮೆತ್ತಗಾಗಲೆಂದು ದಿನವೂ ಒತ್ತಿ ನೋಡಿ ಬೇಸತ್ತು, ನಾಗರ ಪಂಚಮಿಯ ಮುನ್ನಾದಿನ ಎರಡು ಕಾಯಿ ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. 12 ದಿನವಾದರೂ ಹಣ್ಣಾಗಲಿಲ್ಲ. ತೊಟ್ಟಿನ ಕಡೆ ಸುಕ್ಕುಗಟ್ಟಿ, ಕೊಯ್ದಾಗ ತಿರುಳು ರಬ್ಬರಿನಂತಿತ್ತು. ಒಂದು ಹೋಳನ್ನು ಬಾಯಿಗಿಟ್ಟ ನಮ್ಮ ಅತ್ತೆಯವರು, “ಇದೇನ ಬೆಣ್ಣಿ ಹಣ್ಣೋ, ಮೇಣದ ಬತ್ತಿಯೋ?” ಎಂದು ಪಕ್ಕಕ್ಕಿಟ್ಟರು. ಉಳಿದ 12 ಕಾಯಿಗಳನ್ನು ಯಾವಾಗ ಕೀಳಬೇಕು? ಮರದ ಜಾತಿಯೇ ಸರಿಯಿಲ್ಲವೆನ್ನುವುದಾದರೆ ಅದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿ.

ಮಸಾರಿ ಮಣ್ಣು, ಖಾನಾಪುರ

ಅಕ್ಕನವರೇ, ಮರದ ತಪ್ಪೇನೂ ಇಲ್ಲ, ಅವಸರವಾಗಿದೆ ಅಷ್ಟೇ. ಬೆಣ್ಣೆಹಣ್ಣು ಮಾವಿನಂತೆ ಮರದಲ್ಲಿ ಮಾಗುವುದಿಲ್ಲ. ಕೊಂಬೆಯಲ್ಲಿದ್ದಷ್ಟು ದಿನ ಬಲಿಯುತ್ತದೆ, ತಿರುಳಿನಲ್ಲಿ ಎಣ್ಣೆಯಂಶ ತುಂಬಿಕೊಳ್ಳುತ್ತದೆ. ಮೆತ್ತಗಾಗುವುದು ತೊಟ್ಟು ಕಳಚಿದ ಮೇಲೆಯೇ. ಆದ್ದರಿಂದ ಒತ್ತಿ ನೋಡುವುದರಿಂದ ಪ್ರಯೋಜನವಿಲ್ಲ, ಒತ್ತಿದ ಜಾಗ ಒಳಗೆ ಕಪ್ಪಾಗುವುದೊಂದೇ ಲಾಭ. ಬಲಿಯದ ಕಾಯಿಯನ್ನು ಅಕ್ಕಿಯಲ್ಲಿಟ್ಟರೂ ಹುಲ್ಲಿನಲ್ಲಿಟ್ಟರೂ ಅದು ನೀವು ಕಂಡಂತೆ ಸುಕ್ಕುಗಟ್ಟಿ ರಬ್ಬರಾಗುತ್ತದೆ.

ಬಲಿತದ್ದನ್ನು ಗುರುತಿಸಲು ನಾನು ನಂಬುವುದು ಬೀಜದ ಸಿಪ್ಪೆಯನ್ನು. ಎಲ್ಲಕ್ಕಿಂತ ದೊಡ್ಡ ಕಾಯಿಯೊಂದನ್ನು ಕಿತ್ತು ಕೊಯ್ಯಿರಿ. ಬೀಜದ ಮೇಲಿನ ಸಿಪ್ಪೆ ಬೆಳ್ಳಗೆ ದಪ್ಪಗಿದ್ದು ತಿರುಳಿಗೆ ಅಂಟಿಕೊಂಡಿದ್ದರೆ ಇನ್ನೂ ಎಳೆಯದು. ಕಂದು ಬಣ್ಣಕ್ಕೆ ತಿರುಗಿ, ಶೇಂಗಾ ಬೀಜದ ಸಿಪ್ಪೆಯಂತೆ ತೆಳ್ಳಗೆ ಒಣಗಿದ್ದರೆ ಬಲಿತಿದೆ. ಹಸಿರಾಗಿಯೇ ಉಳಿಯುವ ಜಾತಿಗಳಲ್ಲಿ ಹೊರಮೈಯ ಹೊಳಪು ಮಾಸಿ, ಬಣ್ಣ ತುಸು ಹಳದಿಗೆ ತಿರುಗುವುದೂ ಒಂದು ಗುರುತು. ಹತ್ತು ಹನ್ನೆರಡು ದಿನಕ್ಕೊಂದರಂತೆ ಪರೀಕ್ಷಿಸಿ; ಎರಡು ಕಾಯಿ ಹೋದರೂ ಉಳಿದವು ದಕ್ಕುತ್ತವೆ. ಜಗ್ಗಿ ಕೀಳದೆ, ತೊಟ್ಟಿನ ಚಿಕ್ಕ ತುಂಡು ಕಾಯಿಯಲ್ಲೇ ಉಳಿಯುವಂತೆ ಕತ್ತರಿಯಿಂದ ಕತ್ತರಿಸಿ, ಇಲ್ಲವಾದರೆ ಆ ಗಾಯದಿಂದಲೇ ಕೊಳೆ ಇಳಿಯುತ್ತದೆ. ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟರೆ ಒಂದು ವಾರದ ಆಸುಪಾಸಿನಲ್ಲಿ ಹಣ್ಣಾಗುತ್ತದೆ. ಫ್ರಿಜ್ಜಿಗೆ ಇಡುವುದು ಹಣ್ಣಾದ ಮೇಲೆ.

ಹೂ ಉದುರಿದ್ದಕ್ಕೆ ಚಿಂತಿಸಬೇಡಿ. ಈ ಮರದ ಹೂವು ಎರಡು ಸಲ ಅರಳುತ್ತದೆ, ಮೊದಲ ದಿನ ಹೆಣ್ಣಾಗಿ, ಮರುದಿನ ಗಂಡಾಗಿ. ಕೆಲವು ಜಾತಿಗಳು ಬೆಳಗ್ಗೆ ಹೆಣ್ಣಾಗಿ ಅರಳಿದರೆ ಇನ್ನು ಕೆಲವು ಮಧ್ಯಾಹ್ನ. ಎರಡೂ ಬಗೆಯ ಮರಗಳು ಹತ್ತಿರದಲ್ಲಿದ್ದರೆ ಫಲ ಹೆಚ್ಚು. ಹಾಗಿದ್ದರೂ ನೂರು ಹೂವಿನಲ್ಲಿ ಒಂದು ಕಾಯಿ ನಿಂತರೆ ದೊಡ್ಡದು.

ಎರೆಹೊಲ, ವಿಜಯಪುರ

ಬೀಜದ ಗಿಡ ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ ಎಂಬುದನ್ನೂ ಸೇರಿಸುತ್ತೇನೆ. ಲೋಕವೆಲ್ಲ ತಿನ್ನುವ ಹ್ಯಾಸ್ ತಳಿಯೂ ಕ್ಯಾಲಿಫೋರ್ನಿಯಾದ ಒಬ್ಬರ ತೋಟದಲ್ಲಿ ಆಕಸ್ಮಿಕವಾಗಿ ಹುಟ್ಟಿದ ಬೀಜದ ಗಿಡವೇ. 1935ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಇಂದಿನ ಹ್ಯಾಸ್ ಮರಗಳೆಲ್ಲ ಕಸಿಯ ಮೂಲಕ ಆ ಒಂದೇ ಮರದಿಂದ ಬಂದವು. ಆ ತಾಯಿಮರ ಬೇರು ಕೊಳೆಯಿಂದ ಸತ್ತು, 2002ರಲ್ಲಿ ಅದನ್ನು ಕಡಿದರು.

ನನ್ನ ಗಿಡವೂ ಹೋದದ್ದು ಬೇರು ಕೊಳೆತೇ. ಎರೆಮಣ್ಣಿನಲ್ಲಿ ಸಮತಟ್ಟಾಗಿ ಗುಂಡಿ ತೋಡಿ ನೆಟ್ಟಿದ್ದೆ. ಒಂದು ಮಳೆಗಾಲದಲ್ಲಿ ಮೂರು ದಿನ ಬುಡದಲ್ಲಿ ನೀರು ನಿಂತಿತು, ದೀಪಾವಳಿಯ ಹೊತ್ತಿಗೆ ಎಲೆಗಳೆಲ್ಲ ಜೋತುಬಿದ್ದವು. ಎರಡನೆಯ ಸಲ ಎರಡಡಿ ಎತ್ತರದ ದಿಬ್ಬ ಕಟ್ಟಿ, ಮಸಾರಿ ಮಣ್ಣು ತರಿಸಿ, ಕಸಿ ಗಿಡ ನೆಟ್ಟೆ. ಬೇಸಿಗೆಗೆ ಹಸಿರು ನೆರಳುಪರದೆ, ಬುಡಕ್ಕೆ ಕಬ್ಬಿನ ರವದಿ. ನಮ್ಮ ಬೋರಿನ ನೀರು ಸವಳು. ಅದನ್ನೇ ಹಾಯಿಸಿದ ತಿಂಗಳುಗಳಲ್ಲಿ ಎಲೆಗಳ ತುದಿ ಸುಟ್ಟಂತೆ ಕಂದಾಗುತ್ತದೆ, ಮಳೆ ಬಿದ್ದ ಮೇಲೆ ಚಿಗುರು ಚೊಕ್ಕಟವಾಗಿ ಬರುತ್ತದೆ. ನಿಮ್ಮ ಬೆಳಗಾವಿಯ ತಂಪು ಹವೆ ನಮಗೆಲ್ಲಿ ಬರಬೇಕು? ಹೊಸದಾಗಿ ನೆಡುವವರು ಕೊಡಗಿನ ಚೆಟ್ಟಳ್ಳಿಯ ಸರ್ಕಾರಿ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ ಅರ್ಕಾ ಸುಪ್ರೀಂ ತಳಿಯ ಕಸಿಯನ್ನು ವಿಚಾರಿಸಬಹುದು.

ಆಡುಕಾಯುವವ, ಗೋಕಾಕ

ಒಂದು ಮಾತು ಯಾರೂ ಹೇಳಿಲ್ಲ. ಸವರಿದ ಟೊಂಗೆಗಳನ್ನು ಆಡು, ಎಮ್ಮೆ, ಆಕಳುಗಳ ಮುಂದೆ ಹಾಕಬೇಡಿ. ಈ ಮರದ ಎಲೆಯಲ್ಲಿರುವ ಪರ್ಸಿನ್ ಎಂಬ ವಿಷದಿಂದ ಕೆಚ್ಚಲು ಬಾತು ಹಾಲು ಇಳಿದುಹೋಗುತ್ತದೆ, ಹೆಚ್ಚು ತಿಂದರೆ ಹೃದಯಕ್ಕೂ ಪೆಟ್ಟು. ಗಿಳಿ ಸಾಕಿದವರು ಹಣ್ಣನ್ನೂ ಅದಕ್ಕೆ ಕೊಡಬಾರದು.

ಹಿತ್ತಲಗಿಡ, ಬೆಳಗಾವಿ

ಎಲ್ಲರಿಗೂ ಧನ್ಯವಾದಗಳು. ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮೊದಲ ಪರೀಕ್ಷೆಯಲ್ಲಿ ಬೀಜದ ಸಿಪ್ಪೆ ಬೆಳ್ಳಗಿತ್ತು, ಎರಡನೆಯದರಲ್ಲಿ ಅಂಚು ಮಾತ್ರ ಕಂದಾಗಿತ್ತು, ಮೂರನೆಯದರಲ್ಲಿ ಉಗುರು ತಾಗಿಸಿದರೆ ಉದುರುವಂತಿತ್ತು. ಅಂದೇ ನಾಲ್ಕು ಕಾಯಿ ಕತ್ತರಿಸಿ ಬಾಳೆಹಣ್ಣಿನ ಜೊತೆ ಇಟ್ಟೆ. ಆರನೆಯ ದಿನ ತೊಟ್ಟಿನ ತುಂಡು ಬೆರಳಿಗೇ ಕಳಚಿ ಬಂತು. ಮೊದಲು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ: ತಿರುಳನ್ನು ಒಗ್ಗರಣೆಗೆ ಹಾಕಿ ಬಾಡಿಸಿದೆ, ಪೂರಾ ಕಹಿಯಾಯಿತು. ಮರುದಿನ ಒಲೆಗೆ ಹತ್ತಿರವೂ ಒಯ್ಯದೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ ತಿರುಳಿಗೆ ಬೆರೆಸಿ, ಕಪ್ಪಾಗದಂತೆ ಲಿಂಬೆ ಹಿಂಡಿ, ಬಿಸಿ ಜೋಳದ ರೊಟ್ಟಿಯ ಮೇಲೆ ಸವರಿ ಮೇಲಿಷ್ಟು ಗುರೆಳ್ಳು ಪುಡಿ ಉದುರಿಸಿ ಕೊಟ್ಟೆ. ಅತ್ತೆಯವರು ಏನೂ ಹೇಳಲಿಲ್ಲ, ಎರಡನೆಯ ರೊಟ್ಟಿಗೆ ತಾವೇ ಬಟ್ಟಲು ಎಳೆದುಕೊಂಡರು.