‘ದಿ ಸೆವೆನ್ ಇಯರ್ ಇಚ್’: ಶರ್ಮನ್‌ಗೆ ಹೆಂಡತಿಯ ಮೇಲಿರುವ ದೂರಾದರೂ ಏನು?

ಪ್ರಶ್ನೆ:
ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 1955ರ ಈ ಚಿತ್ರವನ್ನು ಮೊನ್ನೆ ಮೊದಲ ಬಾರಿಗೆ ನೋಡಿದೆ. ಮದುವೆಯಾಗಿ ಏಳು ವರ್ಷ ಕಳೆದ ರಿಚರ್ಡ್ ಶರ್ಮನ್, ಹೆಂಡತಿ ಹೆಲೆನ್ ಮತ್ತು ಮಗನನ್ನು ಬೇಸಿಗೆ ಕಳೆಯಲು ಊರಾಚೆಗೆ ಕಳುಹಿಸಿ, ಮ್ಯಾನ್‌ಹಟನ್‌ನ ಮನೆಯಲ್ಲಿ ಒಬ್ಬನೇ ಉಳಿದಾಗ, ಮೇಲಿನ ಮಹಡಿಗೆ ಬಂದ ಯುವತಿಗೆ (ಮರ್ಲಿನ್ ಮನ್ರೋ) ಮನಸೋಲುತ್ತಾನೆ. ಆದರೆ ದಂಪತಿಗಳ ನಡುವೆ ಜಗಳವಿಲ್ಲ, ಕೊನೆಗೆ ನಡೆಯಬಾರದ್ದೇನೂ ನಡೆಯುವುದೂ ಇಲ್ಲ. ಹಾಗಿದ್ದರೆ ಇದನ್ನು ದಾಂಪತ್ಯದ ಬೇಸರದ ಕಥೆ ಎನ್ನುವುದು ಹೇಗೆ?

ಉತ್ತರ 1:
ಏನೂ ನಡೆಯದಿರುವುದಕ್ಕೆ ಕಾರಣ ಸೆನ್ಸಾರ್. ಜಾರ್ಜ್ ಆಕ್ಸಲ್‌ರಾಡ್ ಬರೆದ, 1952ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದ ಮೂಲ ನಾಟಕದಲ್ಲಿ ಅವರಿಬ್ಬರ ನಡುವೆ ದೈಹಿಕ ಸಂಬಂಧವೇ ಬೆಳೆಯುತ್ತದೆ. ವ್ಯಭಿಚಾರವನ್ನು ಹಾಸ್ಯದ ವಸ್ತುವಾಗಿಸಲು ಅಂದಿನ ಹಾಲಿವುಡ್ ನಿಯಮಾವಳಿ ಒಪ್ಪದ ಕಾರಣ, ಚಿತ್ರದಲ್ಲಿ ಅದೆಲ್ಲ ಶರ್ಮನ್‌ನ ಕಲ್ಪನೆಯಲ್ಲೇ ಉಳಿಯಿತು. ರಂಗದ ಮೇಲೆಯೂ ಪರದೆಯ ಮೇಲೆಯೂ ಆ ಪಾತ್ರ ಮಾಡಿದವರು ಟಾಮ್ ಯೂವೆಲ್ ಅವರೇ. ಈ ಕತ್ತರಿಯಿಂದ ಕಥೆ ಸೊರಗಿತು ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಸೊರಗಿತು ಎನ್ನುವುದನ್ನು ನಾನು ಒಪ್ಪಲಾರೆ. ಮೂಲ ಪ್ರಶ್ನೆಗೆ ಉತ್ತರ ಇರುವುದೇ ಆ ಕಲ್ಪನೆಗಳಲ್ಲಿ. ಯಾವ್ಯಾವ ಹೆಂಗಸರು ತನಗೆ ಮರುಳಾಗಿದ್ದರೆಂದು ಅವನು ಕೊಚ್ಚಿಕೊಳ್ಳುತ್ತಿರುವಾಗ, ಅವನೇ ಕಲ್ಪಿಸಿಕೊಂಡ ಹೆಲೆನ್ ಎದುರಿಗೆ ಕುಳಿತು ನಗುತ್ತಾಳೆ; ಈಚೀಚೆಗೆ ನಿಮ್ಮ ಕಲ್ಪನೆಗಳು ಸಿನೆಮಾಸ್ಕೋಪಿನ ಅಗಲ ಪರದೆಯಲ್ಲೇ ಬರತೊಡಗಿವೆ ಎಂದು ಛೇಡಿಸುತ್ತಾಳೆ. ಸ್ವಂತ ಹಗಲುಗನಸಿನಲ್ಲೂ ಹೆಂಡತಿಗೆ ತನ್ನ ಮೇಲೆ ಅನುಮಾನ ಬರುವುದಿಲ್ಲವಲ್ಲ ಎಂಬುದೇ ಅವನ ದೂರು! ರಾಕ್‌ಮನಿನೋವ್‌ನ ಎರಡನೆಯ ಪಿಯಾನೊ ಕಾಂಚೆರ್ಟೊ ಕೇಳಿ ಯುವತಿ ಕರಗಿಹೋಗುತ್ತಾಳೆಂದು ಅವನು ಕನಸು ಕಂಡರೆ, ನಿಜದಲ್ಲಿ ಇಬ್ಬರೂ ಮಕ್ಕಳಂತೆ ‘ಚಾಪ್‌ಸ್ಟಿಕ್ಸ್’ ಎಂಬ ಸರಳ ಪಿಯಾನೊ ರಾಗ ನುಡಿಸಿ, ಅವನು ಮುತ್ತಿಡಲು ಹೋಗಿ, ಬೆಂಚಿನಿಂದ ಉರುಳಿಬೀಳುತ್ತಾರೆ. ಕೊನೆಯಲ್ಲಿ ಆ ಯುವತಿ, ನಾನು ನಿಮ್ಮ ಹೆಂಡತಿಯಾಗಿದ್ದರೆ ಖಂಡಿತ ಅಸೂಯೆಪಡುತ್ತಿದ್ದೆ ಎನ್ನುತ್ತಾಳೆ. ಅಷ್ಟು ಕೇಳಿದ ಮೇಲೆ ಅವನಿಗೆ ಇನ್ನೇನೂ ಬೇಕಿಲ್ಲ.

ಉತ್ತರ 3:
ಮಗ ಮರೆತುಹೋದ ದೋಣಿಯ ಹುಟ್ಟನ್ನೂ ಗಮನಿಸಿ. ಚಿತ್ರದುದ್ದಕ್ಕೂ ಅದನ್ನು ಕಾಗದದಲ್ಲಿ ಸುತ್ತಿ ಅಂಚೆಗೆ ಹಾಕಲು ಪರದಾಡುವ ಶರ್ಮನ್, ಕೊನೆಗೆ ಅದನ್ನು ಹಿಡಿದು ಹೆಂಡತಿಯ ಬಳಿಗೆ ಓಡುವಾಗ ಬೂಟು ಹಾಕಿಕೊಳ್ಳುವುದನ್ನೇ ಮರೆತಿರುತ್ತಾನೆ. ಯುವತಿ ಆ ಬೂಟುಗಳನ್ನು ಕಿಟಕಿಯಿಂದ ಎಸೆಯುತ್ತಾಳೆ. ಜನ ನೆನಪಿಟ್ಟುಕೊಂಡಿರುವುದು ಮಾತ್ರ ಗಾಳಿಗೆ ಹಾರಿದ ಮನ್ರೋಳ ಬಿಳಿ ಉಡುಪನ್ನು.

ಪ್ರಶ್ನೆ ಕೇಳಿದವರು:
ಹೆಂಡತಿಯ ನಗು ನನ್ನ ಗಮನಕ್ಕೆ ಬಂದಿರಲಿಲ್ಲ, ಧನ್ಯವಾದಗಳು. ಆದರೂ ನಗುವ ಆ ಹೆಲೆನ್ ಅವನ ಸೃಷ್ಟಿಯೇ ತಾನೇ? ನಿಜವಾದ ಹೆಲೆನ್‌ಗೆ ಆ ಏಳು ವರ್ಷ ಹೇಗಿದ್ದವು ಎಂದು ಚಿತ್ರ ಒಮ್ಮೆಯೂ ಕೇಳುವುದಿಲ್ಲ.